ದೇವರ ಹೊಲದ ಮೊದಲ ಸಾಲು

ಜರ್ಮನ್ ಭಾಷೆಯಲ್ಲಿ ಸ್ಮಶಾನಕ್ಕೆ ಒಂದು ಹಳೆಯ ಹೆಸರಿದೆ, ಗೊಟ್ಟೆಸ್‌ಆಕರ್. ಗೊಟ್ ಅಂದರೆ ದೇವರು, ಆಕರ್ ಅಂದರೆ ಉಳುವ ಹೊಲ. ಸತ್ತವರನ್ನು ಅಲ್ಲಿ ಬೀಜದ ಹಾಗೆ ಬಿತ್ತುತ್ತಾರೆ, ಒಂದು ದಿನ ಅವರು ಮೊಳೆತು ಏಳುತ್ತಾರೆ ಅನ್ನುವ ನಂಬಿಕೆ ಈ ಹೆಸರಿನಲ್ಲೇ ಇದೆ. ಕನ್ನಡದಲ್ಲಿ ಇದನ್ನು ಹೇಳುವುದು ಸಲೀಸು. ನಮ್ಮಲ್ಲಿ ಸಾಲು ಅಂದರೆ ನೇಗಿಲು ಎಳೆದ ಗೆರೆಯೂ ಹೌದು, ಒಬ್ಬರ ಪಕ್ಕ ಒಬ್ಬರು ಇರುವುದೂ ಹೌದು. ಮುಂದೆ ಹೇಳುವ ಕಥೆಗೆ ಎರಡೂ ಅರ್ಥ ಬೇಕು.

ಅಮೆರಿಕಕ್ಕೆ ವಲಸೆ ಹೋದ ಜರ್ಮನರು ಹಳ್ಳಿ ಹಳ್ಳಿಯಲ್ಲೂ ಇಂಥ ಹೊಲಗಳನ್ನು ಮಾಡಿಕೊಂಡರು. ನಾನು ಆರಿಸಿಕೊಂಡದ್ದು ಒಂದೇ ಒಂದನ್ನು. ಉತ್ತರ ಕೆರೊಲಿನಾದ ಬೆಥಾಬರಾ ಅನ್ನುವ ಪುಟ್ಟ ಊರಿನದು. ಇವತ್ತು ಆ ಜಾಗ ವಿನ್‌ಸ್ಟನ್-ಸೇಲಂ ನಗರದೊಳಗೆ ಸೇರಿಹೋಗಿದೆ. (ಈ ಬರಹದಲ್ಲಿ ಸೇಲಂ ಹೆಸರು ಆಗಾಗ ಬರುತ್ತದೆ, ತಮಿಳುನಾಡಿನದು ಅಂದುಕೊಳ್ಳಬೇಡಿ.) ಊರಿನ ಪಕ್ಕದ ಗುಡ್ಡದ ಮೇಲೆ ಅದರ ದೇವರ ಹೊಲ ಇದೆ. ಅಲ್ಲಿ ಶುರುವಿನಲ್ಲಿ ಯಾರನ್ನು ಮಣ್ಣು ಮಾಡಿದರು, ಯಾರನ್ನು ಅಲ್ಲಿ ಮಾಡಲಿಲ್ಲ, ಅದು ನಮಗೆ ಹೇಗೆ ತಿಳಿಯುತ್ತದೆ ಅನ್ನುವುದಷ್ಟೇ ಇಲ್ಲಿನ ಪ್ರಶ್ನೆ. ಉತ್ತರ ಸಿಕ್ಕಿದ್ದು ಕಲ್ಲುಗಳ ಮೇಲಲ್ಲ ಅಂತ ಈಗಲೇ ಹೇಳಿಬಿಡುತ್ತೇನೆ.

ಹನ್ನೊಂದು ಗಂಡಸರ ಊರು

1753ರ ನವೆಂಬರ್ 17. ಪೆನ್ಸಿಲ್ವೇನಿಯಾದ ಬೆಥ್ಲೆಹೆಮ್‌ನಿಂದ ಹೊರಟಿದ್ದ 15 ಮಂದಿ ಗಂಡಸರು ಒಂದು ಗಾಡಿ ಹೊಡೆದುಕೊಂಡು ಬಂದು ತಲುಪಿದರು. ಅಕ್ಟೋಬರ್ 8ಕ್ಕೆ ಹೊರಟವರು. ದಾರಿಯುದ್ದಕ್ಕೂ ಕಾಡು, ಹೊಳೆ, ಗಾಡಿ ಏರದ ದಿಬ್ಬ. ಬಂದ ರಾತ್ರಿ ಉಳಿಯಲು ಸಿಕ್ಕಿದ್ದು ಯಾರೋ ಬಿಟ್ಟುಹೋಗಿದ್ದ ಮರದ ದಿಮ್ಮಿಯ ಗುಡಿಸಲು. ಒಳಗೆ ಇವರು ಕೂತು ಹಾಡಿದರು, ಹೊರಗೆ ತೋಳಗಳು ಊಳಿಟ್ಟವು. ಇದನ್ನು ಅವರೇ ದಿನಚರಿಯಲ್ಲಿ ಬರೆದಿಟ್ಟಿದ್ದಾರೆ. ಇವರು ಎಲ್ಲವನ್ನೂ ಬರೆದಿಡುವ ಜನ. ನಮ್ಮ ಕೆಲಸ ನಡೆಯುವುದೇ ಆ ಅಭ್ಯಾಸದಿಂದ.

ಇವರನ್ನು ಮೊರೇವಿಯನ್ನರು ಅನ್ನುತ್ತಾರೆ. ಮೂಲದಲ್ಲಿ ಇಂದಿನ ಚೆಕ್ ದೇಶದ ಭಾಗವಾದ ಮೊರೇವಿಯಾದಿಂದ ತಪ್ಪಿಸಿಕೊಂಡು ಬಂದ ಪ್ರಾಟೆಸ್ಟೆಂಟರು. 1722ರಲ್ಲಿ ಜರ್ಮನಿಯ ಸ್ಯಾಕ್ಸನಿಯಲ್ಲಿ ಕೌಂಟ್ ಜಿನ್ಜೆಂಡಾರ್ಫ್ ಅನ್ನುವ ಜಮೀನ್ದಾರ ತನ್ನ ನೆಲದಲ್ಲಿ ಜಾಗ ಕೊಟ್ಟ. ಅಲ್ಲಿ ಹೆರ್ನ್‌ಹುಟ್ ಅನ್ನುವ ಊರು ಎದ್ದಿತು. ಅಲ್ಲಿಂದ ಹೊರಟವರು 1741ರಲ್ಲಿ ಬೆಥ್ಲೆಹೆಮ್ ಕಟ್ಟಿದರು. 1752ರಲ್ಲಿ ಬಿಷಪ್ ಸ್ಪಾಂಗೆನ್‌ಬರ್ಗ್ ಒಂದು ತಂಡ ಕಟ್ಟಿಕೊಂಡು ಕೆರೊಲಿನಾದಲ್ಲಿ ಜಮೀನು ಹುಡುಕಿದರು. ಮರುವರ್ಷ ಲಾರ್ಡ್ ಗ್ರಾನ್‌ವಿಲ್‌ನಿಂದ 98,985 ಎಕರೆ ಕೊಂಡದ್ದಾಯಿತು. ಅದಕ್ಕೆ ವಾಕೋವಿಯಾ ಅಂತ ಹೆಸರಿಟ್ಟರು. ಬಂದ 15 ಮಂದಿಯಲ್ಲಿ ಉಳಿದವರು 11. ಎಲ್ಲರೂ ಮದುವೆಯಾಗದವರು. ಇವರನ್ನು ಕಸುಬು ನೋಡಿ ಆರಿಸಿದ್ದರು: ಒಬ್ಬ ಪಾದ್ರಿ, ಒಬ್ಬ ವೈದ್ಯ, ರೊಟ್ಟಿ ಸುಡುವವನು, ಚಮ್ಮಾರ, ದರ್ಜಿ, ಚರ್ಮ ಹದಮಾಡುವವನು, ಬಡಗಿ. ಇಷ್ಟು ಜನ ಇದ್ದರೆ ಊರು ನಡೆಯುತ್ತದೆ ಅನ್ನುವ ಲೆಕ್ಕ.

ಬೆಥಾಬರಾ ಅನ್ನುವ ಬೈಬಲ್ ಹೆಸರಿಗೆ ದಾಟುವ ಮನೆ ಅಂತ ಅರ್ಥ. ಅಂದರೆ ಇದು ತಂಗುವ ಜಾಗ ಮಾತ್ರ, ನಿಜವಾದ ಊರು ಮುಂದೆ ಬರುತ್ತದೆ ಅಂತ ಶುರುವಿನಲ್ಲೇ ತೀರ್ಮಾನವಾಗಿತ್ತು. ಅಲ್ಲಿನ ದೇವರ ಹೊಲ ಶುರುವಾದದ್ದು 1757ರಲ್ಲಿ, ಊರು ಹುಟ್ಟಿದ ನಾಲ್ಕು ವರ್ಷಕ್ಕೆ. ಹೊಸ ನೆಲಕ್ಕೆ ಬಂದ ಎಷ್ಟೋ ವಲಸಿಗರ ಗುಂಪುಗಳು ಮೊದಲ ಚಳಿಗಾಲದಲ್ಲೇ ಹೆಣ ಹೂತಿವೆ. ಇವರಿಗೆ ಇಷ್ಟು ತಡ ಯಾಕೆ? ನನಗೆ ಕಾಣುವ ಕಾರಣ ಸರಳ. ಬಂದವರು ಗಟ್ಟಿಮುಟ್ಟಾದ ಹರೆಯದವರು. ಮದುವೆಯಾದ ಜೋಡಿಗಳು ಬಂದದ್ದು 1755ರಲ್ಲಿ. ಆ ಕಾಲದ ಸ್ಮಶಾನಗಳನ್ನು ತುಂಬಿಸುತ್ತಿದ್ದದ್ದು ಹಸುಗೂಸುಗಳು, ಬಾಣಂತಿಯರು, ಮುದುಕರು. ಇಲ್ಲಿ ಮೊದಲಿಗೆ ಆ ಮೂವರೂ ಇರಲಿಲ್ಲ.

ಗಂಡನ ಪಕ್ಕ ಹೆಂಡತಿ ಇಲ್ಲ

ಮಾಮೂಲಿ ಜರ್ಮನ್ ಚರ್ಚಿನ ಅಂಗಳ ಹೇಗಿರುತ್ತಿತ್ತು ಅಂತ ಮೊದಲು ನೋಡೋಣ. ಪೆನ್ಸಿಲ್ವೇನಿಯಾದ ಟ್ರ್ಯಾಪ್ ಅನ್ನುವ ಊರಿನಲ್ಲಿ 1743ರಲ್ಲಿ ಕಟ್ಟಿದ ಲೂಥರನ್ ಚರ್ಚು ಇನ್ನೂ ನಿಂತಿದೆ. ಆ ಸಭೆಯನ್ನು ಬೆಳೆಸಿದ ಪಾದ್ರಿ ಮ್ಯೂಲೆನ್‌ಬರ್ಗ್ 1787ರಲ್ಲಿ ತೀರಿಕೊಂಡಾಗ ಅವರನ್ನು ಚರ್ಚಿನ ಹಿಂದೆಯೇ ಮಣ್ಣು ಮಾಡಿದರು. ಇಂಥ ಅಂಗಳಗಳಲ್ಲಿ ಒಂದೊಂದು ಮನೆತನದವರು ಒಟ್ಟಿಗೆ ಇರುತ್ತಾರೆ. ಅಪ್ಪ, ಪಕ್ಕದಲ್ಲಿ ಅಮ್ಮ, ಕಾಲ ಬುಡದಲ್ಲಿ ಮಕ್ಕಳು. ಕಲ್ಲುಗಳು ನೆಟ್ಟಗೆ ನಿಂತಿರುತ್ತವೆ. ಅವುಗಳ ಮೇಲೆ ಹೃದಯ, ಹೂವು, ರೆಕ್ಕೆ ಬಿಚ್ಚಿದ ದೇವದೂತನ ಮುಖ. ಉಳ್ಳವರ ಕಲ್ಲು ದೊಡ್ಡದು. ವಂಶ ಹುಡುಕುವವರಿಗೆ ಇಂಥ ಜಾಗ ಹಬ್ಬ. ಪಕ್ಕದ ಕಲ್ಲು ನೋಡಿದರೆ ಸಾಕು, ಯಾರಿಗೆ ಯಾರು ಏನಾಗಬೇಕು ಅಂತ ಅರ್ಧ ಗೊತ್ತಾಗುತ್ತದೆ.

ಬೆಥಾಬರಾದ ಗುಡ್ಡದ ಮೇಲೆ ಈ ಜಾಣತನ ನಡೆಯುವುದಿಲ್ಲ. ಅಲ್ಲಿನ ಕಲ್ಲುಗಳು ಚಿಕ್ಕವು, ಚೌಕ, ನೆಲಕ್ಕೆ ಮಲಗಿಸಿದವು. ಒಂದಕ್ಕಿಂತ ಒಂದು ಎತ್ತರವಿಲ್ಲ. ಬರಹವೂ ಕಡಿಮೆ. ಮುಖ್ಯವಾದ ವಿಷಯ ಅಂದರೆ ಪಕ್ಕಪಕ್ಕದಲ್ಲಿ ಇರುವವರು ಸಂಬಂಧಿಕರಲ್ಲ.

ಇದಕ್ಕೆ ಕಾರಣ ಅವರು ಬದುಕುತ್ತಿದ್ದ ರೀತಿ. ಮೊರೇವಿಯನ್ ಊರಿನಲ್ಲಿ ಜನರನ್ನು ಬಳಗಗಳಾಗಿ ಹಂಚಿದ್ದರು. ಮದುವೆಯಾದವರು, ಮದುವೆಯಾಗದ ಗಂಡಸರು, ಮದುವೆಯಾಗದ ಹೆಂಗಸರು, ವಿಧವೆಯರು, ದೊಡ್ಡ ಹುಡುಗರು, ದೊಡ್ಡ ಹುಡುಗಿಯರು, ಚಿಕ್ಕ ಮಕ್ಕಳು. ಪ್ರಾರ್ಥನೆ, ಹಾಡು, ಹಬ್ಬ, ಎಷ್ಟೋ ಸಲ ವಾಸ ಕೂಡ ಬಳಗದ ಜೊತೆಗೇ. ಸತ್ತ ಮೇಲೂ ಅದೇ. ಗಂಡಸರು ಒಂದು ಕಡೆ, ಹೆಂಗಸರು ಇನ್ನೊಂದು ಕಡೆ. ಆ ಬಳಗದಲ್ಲಿ ಹಿಂದಿನ ಸಲ ಯಾರು ಸತ್ತರೋ ಅವರ ಪಕ್ಕದ ಗುಂಡಿ ನಿಮ್ಮದು. ಹಾಗಾಗಿ ಚಮ್ಮಾರನ ಪಕ್ಕ ಬಿಷಪ್ ಇರಬಹುದು. ಒಂದೇ ತಾಯಿಯ ಇಬ್ಬರು ಮಕ್ಕಳ ನಡುವೆ ಬೇರೆಯವರ ಆರು ಮಕ್ಕಳು ಇರಬಹುದು.

ಸಾವಿನ ಸುದ್ದಿ ತಿಳಿಸುವುದರಲ್ಲೂ ಬಳಗ ಬರುತ್ತದೆ. ಮೊರೇವಿಯನ್ ಊರುಗಳಲ್ಲಿ ಯಾರಾದರೂ ತೀರಿಕೊಂಡರೆ ಟ್ರೊಂಬೋನ್ ಊದುವವರು ಮೂರು ಹಾಡಿನ ರಾಗ ನುಡಿಸುತ್ತಿದ್ದರು. ಮೊದಲನೆಯದು ಮತ್ತು ಕೊನೆಯದು ಎಲ್ಲರಿಗೂ ಒಂದೇ. ನಡುವಿನ ರಾಗ ಬಳಗಕ್ಕೆ ತಕ್ಕಂತೆ ಬದಲಾಗುತ್ತಿತ್ತು. ಹೊಲದಲ್ಲಿ ಕೆಲಸ ಮಾಡುತ್ತಿದ್ದವನಿಗೆ ಅಲ್ಲಿಂದಲೇ ಗೊತ್ತಾಗುತ್ತಿತ್ತು: ಹೋದದ್ದು ಮದುವೆಯಾಗದ ಹೆಂಗಸು. ಹೆಸರು ಆಮೇಲೆ.

ಎಲ್ಲರೂ ಸಮಾನ ಅಂತ ಇವರು ಹೇಳುತ್ತಿದ್ದರು. ಮಾತಿಗೆ ಹೇಳಿದ್ದಲ್ಲ, ಅಳತೆ ಹಿಡಿದು ಕಲ್ಲು ಇಟ್ಟರು. ಆದರೂ ಒಂದು ತಮಾಷೆ ಇದೆ. ಹೆರ್ನ್‌ಹುಟ್‌ನಲ್ಲಿರುವ ಮೂಲ ದೇವರ ಹೊಲದಲ್ಲಿ ಸಾಲು ಸಾಲು ಚಪ್ಪಟೆ ಕಲ್ಲುಗಳ ಮಧ್ಯೆ ಕೆಲವು ದೊಡ್ಡ ಗೋರಿಗಳು ಎದ್ದು ಕಾಣುತ್ತವೆ. ಅವು ಕೌಂಟ್ ಜಿನ್ಜೆಂಡಾರ್ಫ್ ಮತ್ತು ಅವರ ಮನೆಯವರದು. ಕೆರೊಲಿನಾದ ಕಾಡಿಗೆ ಕೌಂಟ್ ಯಾರೂ ಬರಲಿಲ್ಲ. ಹಾಗಾಗಿ ನಿಯಮ ಅಲ್ಲಿ ಇನ್ನೂ ಬಿಗಿಯಾಗಿ ನಿಂತಿತು.

1759ರ ಬೇಸಿಗೆ

ಗುಡ್ಡದ ಮೇಲೆ ಸಾಲು ಬೇಗ ಬೇಗ ಬೆಳೆದದ್ದು 1759ರಲ್ಲಿ.

ಹಿನ್ನೆಲೆ ಯುದ್ಧದ್ದು. ಫ್ರೆಂಚರು ಮತ್ತು ಇಂಗ್ಲಿಷರ ಜಗಳದಲ್ಲಿ ಗಡಿನಾಡಿನ ಮೂಲನಿವಾಸಿಗಳೂ ಸಿಕ್ಕಿಕೊಂಡಿದ್ದರು. 1756ರ ಬೇಸಿಗೆಯಲ್ಲಿ ಬೆಥಾಬರಾದವರು ಊರಿನ ಸುತ್ತ ಮರದ ಗೂಟ ನೆಟ್ಟು ಕೋಟೆ ಮಾಡಿಕೊಂಡರು. ಹಿಟ್ಟಿನ ಗಿರಣಿಯ ಸುತ್ತಲೂ ಇನ್ನೊಂದು ಕಟ್ಟಿದರು. ಸುತ್ತಮುತ್ತಲ ಒಂಟಿ ಮನೆಗಳ ಜನ ಹೆದರಿ ಓಡಿಬಂದರು. ಅವರು ಮೊರೇವಿಯನ್ನರಲ್ಲ. ಆದರೂ ಅವರಿಗೆ ಗಿರಣಿಯ ಹತ್ತಿರ ಜಾಗ, ಊಟ ಸಿಕ್ಕಿತು. ದಾರಿಯಲ್ಲಿ ಹೋಗುವ ಚೆರೋಕಿ ಮೂಲನಿವಾಸಿಗಳ ಗುಂಪುಗಳಿಗೂ ಇವರು ಊಟ ಹಾಕಿದ್ದಾರೆ. ಒಳ್ಳೆಯ ಜನ, ಬೇಕಾದಷ್ಟು ರೊಟ್ಟಿ ಇರುವ ಕೋಟೆ ಅಂತ ಚೆರೋಕಿಗಳ ನಡುವೆ ಈ ಊರಿಗೆ ಹೆಸರು ಬಂದಿತ್ತಂತೆ.

ಇಕ್ಕಟ್ಟಿನ ಕೋಟೆಯಲ್ಲಿ ಬಂದದ್ದು ಟೈಫಸ್. ಇದು ಹೇನಿನಿಂದ ಹರಡುತ್ತದೆ ಅಂತ ಚಾರ್ಲ್ಸ್ ನಿಕೋಲ್ ಅನ್ನುವ ಫ್ರೆಂಚ್ ವೈದ್ಯ ಕಂಡುಹಿಡಿದದ್ದು 1909ರಲ್ಲಿ, ಇದಾಗಿ ಒಂದೂವರೆ ಶತಮಾನದ ಮೇಲೆ. 1759ರಲ್ಲಿ ಗೊತ್ತಿದ್ದದ್ದು ಇಷ್ಟೇ: ಜ್ವರ ಬರುತ್ತದೆ, ಮೈಮೇಲೆ ಕಲೆ ಏಳುತ್ತವೆ, ಬುದ್ಧಿ ಮಂಕಾಗುತ್ತದೆ, ಸಾಯುತ್ತಾರೆ. ಊರಿನ ಪಾದ್ರಿ ಕ್ರಿಶ್ಚಿಯನ್ ಸೈಡೆಲ್ ಹೋದರು. ಜುಲೈನಲ್ಲಿ ವೈದ್ಯ ಹಾನ್ಸ್ ಮಾರ್ಟಿನ್ ಕಾಲ್ಬರ್ಲಾನ್ ಹೋದರು. ಕಾಲ್ಬರ್ಲಾನ್ ನಾರ್ವೆಯವರು. 1753ರಲ್ಲಿ ಬಂದ ಮೊದಲ ಗುಂಪಿನಲ್ಲೇ ಇದ್ದವರು. ಅವರ ಕೈಗುಣ ಕೇಳಿ ದೂರದೂರದ ಬೇರೆ ಊರಿನವರೂ ಹುಡುಕಿಕೊಂಡು ಬರುತ್ತಿದ್ದರು. ರೋಗಿಗಳ ಹಾಸಿಗೆಯ ಪಕ್ಕ ಎಲ್ಲರಿಗಿಂತ ಜಾಸ್ತಿ ಹೊತ್ತು ಇರುತ್ತಿದ್ದವರೂ ಅವರೇ ಅಲ್ವಾ. ಊರಿಗಿದ್ದ ಒಬ್ಬ ವೈದ್ಯ ಹಾಗೆ ಸಾಲಿಗೆ ಸೇರಿದರು.

ಅವರ ಹೆಂಡತಿಯ ಹೆಸರು ಆನಾ ಕ್ಯಾಥರೀನಾ. ಪೆನ್ಸಿಲ್ವೇನಿಯಾದ ಆಂಟೆಸ್ ಮನೆತನದ ಹುಡುಗಿ. 1752ರಲ್ಲಿ ಬಿಷಪ್ ಜೊತೆ ಈ ಕಾಡನ್ನು ಅಳೆಯಲು ಬಂದವರಲ್ಲಿ ಅವರ ಅಪ್ಪ ಹೆನ್ರಿ ಆಂಟೆಸ್ ಕೂಡ ಒಬ್ಬರು. ಅಪ್ಪ ಅಳೆದ ನೆಲದಲ್ಲಿ ಮಗಳು ಗಂಡನನ್ನು ಕಳೆದುಕೊಂಡರು. ಮದುವೆಯಾಗಿ ಹೆಚ್ಚು ಕಾಲವೂ ಆಗಿರಲಿಲ್ಲ. ಆಮೇಲೆ ಅವರು ಸರ್ವೇಯರ್ ಕ್ರಿಶ್ಚಿಯನ್ ಗಾಟ್ಲೀಬ್ ರಾಯ್ಟರ್ ಅವರನ್ನು ಮದುವೆಯಾದರು. ರಾಯ್ಟರ್ 1777ರಲ್ಲಿ ತೀರಿಕೊಂಡರು. ಮೂರನೆಯ ಗಂಡ ಹೈನ್ಸ್‌ಮನ್ 1783ರಲ್ಲಿ. ನಾಲ್ಕನೆಯವರು ಅರ್ನ್ಸ್ಟ್, 1802ರಲ್ಲಿ. ಕ್ಯಾಥರೀನಾ 1816ರವರೆಗೆ ಬದುಕಿದ್ದರು.

ಬೇರೆ ಯಾವ ಚರ್ಚಿನ ಅಂಗಳದಲ್ಲಾದರೂ ಇದು ತಲೆನೋವಿನ ವಿಷಯ. ನಾಲ್ವರು ಗಂಡಂದಿರು, ಈಕೆಯನ್ನು ಯಾರ ಪಕ್ಕ ಇಡುವುದು? ಕಲ್ಲಿನ ಮೇಲೆ ಯಾರ ಹೆಂಡತಿ ಅಂತ ಕೆತ್ತುವುದು? ಇವರಲ್ಲಿ ಆ ಪ್ರಶ್ನೆಯೇ ಏಳುವುದಿಲ್ಲ. ಗಂಡ ಅವನ ಸಾಲಿನಲ್ಲಿ, ಹೆಂಡತಿ ಅವಳ ಸಾಲಿನಲ್ಲಿ. ಒಂದು ಮದುವೆಯಾದವರಿಗೂ ಅಷ್ಟೇ, ನಾಲ್ಕಾದವರಿಗೂ ಅಷ್ಟೇ. ನನಗೆ ಈ ನಿಯಮ ಮೊದಲು ನಿರ್ದಯ ಅನ್ನಿಸಿತ್ತು. ಕ್ಯಾಥರೀನಾ ಕಥೆ ಓದಿದ ಮೇಲೆ ಅಷ್ಟು ಖಚಿತವಾಗಿ ಹೇಳಲಾರೆ.

ಒಬ್ಬ ಹೆಂಗಸಿನ ನಾಲ್ಕು ಮದುವೆ ನಮಗೆ ಇಷ್ಟು ವಿವರವಾಗಿ ತಿಳಿದದ್ದು ಹೇಗೆ? ಇವರಲ್ಲಿ ಪ್ರತಿಯೊಬ್ಬರೂ ತಮ್ಮ ಬಾಳಿನ ಕಥೆ ಬರೆದಿಡಬೇಕಿತ್ತು. ಜರ್ಮನ್‌ನಲ್ಲಿ ಅದಕ್ಕೆ ಲೇಬೆನ್ಸ್‌ಲೌಫ್ ಅನ್ನುತ್ತಾರೆ, ಬಾಳು ಸಾಗಿದ ದಾರಿ. ಬರೆಯಲು ಬಾರದವರು ಹೇಳಿ ಬರೆಸುತ್ತಿದ್ದರು. ಸತ್ತ ಮೇಲೆ ಕೊನೆಯ ದಿನಗಳ ವಿವರವನ್ನು ಇನ್ನೊಬ್ಬರು ಸೇರಿಸಿ, ಮಣ್ಣು ಮಾಡುವ ದಿನ ಎಲ್ಲರ ಮುಂದೆ ಓದುತ್ತಿದ್ದರು. ಆಮೇಲೆ ಅದು ದಫ್ತರಕ್ಕೆ ಸೇರುತ್ತಿತ್ತು. ಇಂಥ ಸಾವಿರಾರು ಬಾಳಿನ ಕಥೆಗಳು ಈಗಲೂ ಮೊರೇವಿಯನ್ ದಫ್ತರಗಳಲ್ಲಿವೆ. ಅವರು ಕಲ್ಲಿನ ಮೇಲೆ ಉಳಿಸಿದ ಮಾತನ್ನೆಲ್ಲ ಕಾಗದದ ಮೇಲೆ ಖರ್ಚು ಮಾಡಿದ್ದಾರೆ.

ಗಿರಣಿಯ ಹತ್ತಿರದ ಇನ್ನೊಂದು ನೆಲ

ಇಲ್ಲಿಯವರೆಗೆ ಹೇಳಿದ್ದು ಗುಡ್ಡದ ಮೇಲಿನವರ ವಿಷಯ. ಕೋಟೆಗೆ ಓಡಿಬಂದ ಹೊರಗಿನವರೂ ಸಾಯುತ್ತಿದ್ದರು. ಅವರೆಲ್ಲಿ?

ಅವರು ಗುಡ್ಡದ ಮೇಲಿಲ್ಲ. ದೇವರ ಹೊಲ ಸಭೆಗೆ ಸೇರಿದವರಿಗೆ ಮಾತ್ರ. ಹೊರಗಿನವರಿಗೆ ಗಿರಣಿಯ ಹತ್ತಿರ ಬೇರೆ ನೆಲ ಇತ್ತು. ಅದನ್ನು ಡಾಬ್ಸ್ ಪ್ಯಾರಿಷ್ ಸ್ಮಶಾನ ಅನ್ನುತ್ತಾರೆ. ಆಗಿನ ಗವರ್ನರ್ ಆರ್ಥರ್ ಡಾಬ್ಸ್ ಹೆಸರಿನಲ್ಲಿ ವಾಕೋವಿಯಾವನ್ನು ಒಂದು ಪ್ಯಾರಿಷ್, ಅಂದರೆ ಚರ್ಚಿನ ಆಡಳಿತದ ವಲಯ, ಮಾಡಿದ್ದರು, ಅಲ್ಲಿಂದ ಬಂದ ಹೆಸರು. ಅಪರಿಚಿತರ ಸ್ಮಶಾನ ಅಂತಲೂ ಕರೆಯುತ್ತಿದ್ದರು.

ಇದನ್ನು ಕ್ರೌರ್ಯ ಅಂದುಬಿಡುವುದು ಸುಲಭ. ನನಗೆ ಹಾಗೆ ಅನ್ನಿಸುವುದಿಲ್ಲ. ಬದುಕಿದ್ದಾಗ ಕೋಟೆಯೊಳಗೆ ಜಾಗ ಕೊಟ್ಟವರು, ಹಿಟ್ಟು ಕೊಟ್ಟವರು, ಸತ್ತಾಗ ನೆಲವನ್ನೂ ಕೊಟ್ಟರು. ಆದರೆ ಸಾಲಿನಲ್ಲಿ ಜಾಗ ಕೊಡಲಿಲ್ಲ. ಸಾಲು ಅಂದರೆ ಅವರಿಗೆ ಬಳಗ. ಬಳಗಕ್ಕೆ ಸೇರಿರದವನನ್ನು ಯಾವ ಸಾಲಿನಲ್ಲಿ ಇಡುವುದು ಅನ್ನುವುದು ಅವರ ತರ್ಕ. ಆ ತರ್ಕ ಒಪ್ಪಿದರೂ ಒಂದು ವಿಷಯ ಗಮನಿಸಬೇಕು. ಗುಡ್ಡದ ಮೇಲೆ ನಿಂತು ಸುತ್ತ ನೋಡಿದರೆ ಎಲ್ಲ ಕಲ್ಲೂ ಒಂದೇ ಅಳತೆ. ಇಲ್ಲಿ ಮೇಲುಕೀಳು ಇಲ್ಲ ಅನ್ನಿಸುತ್ತದೆ. ವ್ಯತ್ಯಾಸ ಇದ್ದದ್ದು ಕಲ್ಲಿಗೂ ಕಲ್ಲಿಗೂ ನಡುವೆ ಅಲ್ಲ. ಒಂದು ನೆಲಕ್ಕೂ ಇನ್ನೊಂದು ನೆಲಕ್ಕೂ ನಡುವೆ. ಗುಡ್ಡ ಒಂದನ್ನೇ ನೋಡಿದವರಿಗೆ ಅದು ಕಾಣುವುದೇ ಇಲ್ಲ.

ಕಾಣಬೇಕಾದರೆ ನಕ್ಷೆ ಬೇಕು. ನಕ್ಷೆ ಬರೆದವರು ಯಾರು ಗೊತ್ತಾ? ಕ್ಯಾಥರೀನಾ ಅವರ ಎರಡನೆಯ ಗಂಡ ರಾಯ್ಟರ್. 1760ರ ದಶಕದಲ್ಲಿ ಅವರು ಬೆಥಾಬರಾದ ಮನೆ, ತೋಟ, ಗಿರಣಿ, ಹೊಲ ಎಲ್ಲವನ್ನೂ ಅಳೆದು ಬರೆದರು. ಮುಂದೆ ಇನ್ನೂರು ವರ್ಷದ ಮೇಲೆ, 1960ರ ದಶಕದಲ್ಲಿ, ಸ್ಟ್ಯಾನ್ಲಿ ಸೌತ್ ಅನ್ನುವ ಪುರಾತತ್ವಜ್ಞ ಅಲ್ಲಿ ಅಗೆದಾಗ ರಾಯ್ಟರ್ ನಕ್ಷೆಗಳು ಕೈಹಿಡಿದವು. ಕೋಟೆಯ ಗೂಟ ನೆಟ್ಟಿದ್ದ ಕಾಲುವೆಯ ಗುರುತು, ಮನೆಗಳ ನೆಲಮಾಳಿಗೆಗಳು ಮಣ್ಣಿನಡಿ ಸಿಕ್ಕವು.

ಅಬ್ರಹಾಂ ಇದ್ದ ಸಾಲು

ಹೆಸರೇ ಹೇಳುವ ಹಾಗೆ ಬೆಥಾಬರಾ ದಾಟುವ ಮನೆಯಾಯಿತು. 1766ರಲ್ಲಿ ಕೆಲವು ಮೈಲಿ ಆಚೆ ಸೇಲಂ ಕಟ್ಟಲು ಶುರುಮಾಡಿದರು. 1772ರಲ್ಲಿ ಹೆಚ್ಚಿನವರು ಅಲ್ಲಿಗೆ ಹೋದರು. ಬೆಥಾಬರಾ ಒಂದು ಸಣ್ಣ ಒಕ್ಕಲುಹಳ್ಳಿಯಾಗಿ ಉಳಿಯಿತು. ಸೇಲಂನಲ್ಲೂ ದೇವರ ಹೊಲ ಬಂತು, ಅದೇ ಚಪ್ಪಟೆ ಕಲ್ಲು, ಅದೇ ಬಳಗದ ಸಾಲು. 1772ರ ಈಸ್ಟರ್ ದಿನ ಬೆಳಗಿನ ಜಾವ ಅಲ್ಲಿ ಸೇರಿ ಸೂರ್ಯ ಹುಟ್ಟುವುದನ್ನು ಕಾದರು. ಹೆರ್ನ್‌ಹುಟ್‌ನಲ್ಲಿ 1732ರಿಂದ ಇದ್ದ ಪದ್ಧತಿ ಇದು. ಸೇಲಂನಲ್ಲಿ ಇವತ್ತಿಗೂ ನಡೆಯುತ್ತದೆ.

ಸಭೆಗೆ ಸೇರಿದವರೆಲ್ಲ ಒಂದೇ ಸಾಲು ಅನ್ನುವ ನಿಯಮಕ್ಕೆ ನಿಜವಾದ ಪರೀಕ್ಷೆ ಬಂದದ್ದು ಈಗ. ಮೊರೇವಿಯನ್ನರು ಗುಲಾಮರನ್ನು ಕೊಂಡರು. 1769ರಲ್ಲಿ ಸಭೆಯೇ ಸ್ಯಾಮ್ ಅನ್ನುವ ಕಪ್ಪು ಗುಲಾಮನನ್ನು ಕೊಂಡಿತು. 1771ರಲ್ಲಿ ಅವನಿಗೆ ದೀಕ್ಷಾಸ್ನಾನವಾಗಿ ಯೋಹಾನ್ ಸ್ಯಾಮುಯೆಲ್ ಆದ. ಅದೇ ಹೊತ್ತಿಗೆ ಬಂದ ಇನ್ನೊಬ್ಬ, ಪಶ್ಚಿಮ ಆಫ್ರಿಕಾದ ಮಾಂಡಿಂಗೋ ಜನಾಂಗದವನು. ಯುದ್ಧದಲ್ಲಿ ಗಾಯಗೊಂಡು ಸೆರೆಯಾಗಿ ಮಾರಾಟವಾದವನು. ಸೇಲಂನಲ್ಲಿ ಚರ್ಮ ಹದಮಾಡುವ ಕೆಲಸಕ್ಕೆ ಹಾಕಿದರು. 1780ರಲ್ಲಿ ದೀಕ್ಷಾಸ್ನಾನವಾಗಿ ಅಬ್ರಹಾಂ ಆದ. 1797ರಲ್ಲಿ ತೀರಿಕೊಂಡಾಗ ಅವನ ಬಾಳಿನ ಕಥೆಯನ್ನೂ ಬರೆದಿಟ್ಟರು. ಅವನನ್ನು ಮಣ್ಣು ಮಾಡಿದ್ದು ದೇವರ ಹೊಲದಲ್ಲೇ, ಬಿಳಿಯರ ಪಕ್ಕದಲ್ಲಿ. ಕುಂಬಾರಿಕೆ ಮಾಡುತ್ತಿದ್ದ ಪೀಟರ್ ಆಲಿವರ್ ಕೂಡ ಹಾಗೇ. ಗುಲಾಮಗಿರಿಯಿಂದ ಬಿಡುಗಡೆ ಪಡೆದು 1810ರಲ್ಲಿ ಸತ್ತವನು, ಅವನಿಗೂ ಅದೇ ಹೊಲದಲ್ಲಿ ಜಾಗ.

ಬದುಕಿದ್ದಾಗ ಅಬ್ರಹಾಂ ಇನ್ನೊಬ್ಬರ ಸ್ವತ್ತು. ಸತ್ತ ಮೇಲೆ ಅವನ ಕಲ್ಲಿಗೆ ಎಲ್ಲರ ಕಲ್ಲಿನ ಅಳತೆ. ಇದರಲ್ಲಿ ಯಾವುದನ್ನು ಜಾಸ್ತಿ ತೂಕ ಹಾಕಬೇಕು ಅಂತ ನಾನು ತುಂಬ ಯೋಚಿಸಿದ್ದೇನೆ. ಎರಡನ್ನೂ ಒಂದೇ ಜನ, ಒಂದೇ ಮನಸ್ಸಿನಿಂದ ಮಾಡಿದರು ಅನ್ನುವುದು ಮಾತ್ರ ನಿಜ.

ಅದೂ ಉಳಿಯಲಿಲ್ಲ. ಸುತ್ತಲಿನ ಬಿಳಿಯ ಸಮಾಜ ಹೇಗಿತ್ತೋ ಸೇಲಂ ನಿಧಾನವಾಗಿ ಹಾಗೇ ಆಗುತ್ತ ಬಂತು. 1816ರಲ್ಲಿ ಕಪ್ಪು ಮೊರೇವಿಯನ್ನರಿಗೆ ಬೇರೆ ಸ್ಮಶಾನ ಅಂತ ತೀರ್ಮಾನವಾಯಿತು. ಜಾಗ ಯಾವುದು? ಊರಿನ ಇನ್ನೊಂದು ತುದಿ, ಸೇಲಂನದೇ ಆದ ಅಪರಿಚಿತರ ಸ್ಮಶಾನದ ಪಕ್ಕ. ಗಿರಣಿಯ ಹತ್ತಿರ ಅರವತ್ತು ವರ್ಷದ ಹಿಂದೆ ಹೊರಗಿನವರಿಗಾಗಿ ಹಾಕಿದ ಗೆರೆ ಈಗ ಒಳಗಿನವರ ಮೇಲೇ ಬಿತ್ತು. 1822ರಲ್ಲಿ ಅವರ ಸಭೆಯನ್ನೂ ಬೇರೆ ಮಾಡಿದರು. ಮರುವರ್ಷ ಸ್ಮಶಾನದ ಪಕ್ಕದಲ್ಲೇ ಮರದ ದಿಮ್ಮಿಯ ಚರ್ಚು ಎದ್ದಿತು, 1861ರಲ್ಲಿ ಇಟ್ಟಿಗೆಯದು. ಮುಂದೆ ಅದಕ್ಕೆ ಸೇಂಟ್ ಫಿಲಿಪ್ಸ್ ಅಂತ ಹೆಸರು ಬಂತು. ನಿಮಗೆ ಬಿಡುಗಡೆಯಾಗಿದೆ ಅಂತ 1865ರ ಮೇ 21ರಂದು ಒಂದು ಸೈನ್ಯದ ಪಾದ್ರಿ ಬಂದು ಓದಿ ಹೇಳಿದ್ದು ಅದೇ ಇಟ್ಟಿಗೆ ಚರ್ಚಿನಲ್ಲಿ.

1890ರಲ್ಲಿ ಚರ್ಚನ್ನು ಹಿಗ್ಗಿಸಿದಾಗ ಹೊಸ ಭಾಗ ಗೋರಿಗಳ ಮೇಲೇ ಬಂದು ಕೂತಿತು. 1913ರಲ್ಲಿ ಅಂಗಳ ಚೊಕ್ಕ ಮಾಡುವ ನೆಪದಲ್ಲಿ ಉಳಿದ ಗೋರಿಕಲ್ಲುಗಳನ್ನು ಕಿತ್ತು ಚರ್ಚಿನ ನೆಲದಡಿಗೆ ಹಾಕಿದರು. ಅವು ಮತ್ತೆ ಬೆಳಕಿಗೆ ಬಂದದ್ದು 1990ರ ದಶಕದಲ್ಲಿ, ಪುರಾತತ್ವಜ್ಞರ ಕಣ್ಣಿಗೆ. 2006ರಲ್ಲಿ ಮೊರೇವಿಯನ್ ಚರ್ಚಿನ ದಕ್ಷಿಣ ಪ್ರಾಂತ ಗುಲಾಮಗಿರಿಯಲ್ಲಿ ತನ್ನ ಪಾಲಿಗಾಗಿ ಕ್ಷಮೆ ಕೇಳಿತು.

ನೆಲದಡಿ ಸಿಕ್ಕಿದ ಕಲ್ಲುಗಳ ಮೇಲೆ ಹೆಸರಿದೆ, ಆದರೆ ಅವು ತಮ್ಮ ಗುಂಡಿಯ ಮೇಲಿಲ್ಲ. ಗುಂಡಿಗಳಿವೆ, ಅವುಗಳ ಮೇಲೆ ಕಲ್ಲಿಲ್ಲ. ಯಾವುದು ಯಾರದು ಅಂತ ಹೊಂದಿಸಬೇಕಾದರೆ ಮತ್ತೆ ದಫ್ತರ ತೆಗೆಯಬೇಕು, ಸತ್ತವರ ಪಟ್ಟಿ ಹಿಡಿದು ಒಂದೊಂದೇ ಹೆಸರು ಎಣಿಸುತ್ತ ಸಾಲನ್ನು ಮೊದಲಿನಿಂದ ಹಾಕಿಕೊಂಡು ಬರಬೇಕು.